ಸಿಂಗಾಪುರದಿಂದ ಕ್ರೂಸ್: ಜೊತೆಗೆ ಒಂದೂವರೆ–ಎರಡು ವರ್ಷದ ಮಗು ಇದ್ದರೆ

ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೆಚ್ಚುಕಮ್ಮಿ ನಾಲ್ಕೂವರೆ ಗಂಟೆಯ ವಿಮಾನ. ಅಲ್ಲಿಂದ ಮೂರೋ ನಾಲ್ಕೋ ರಾತ್ರಿ ಹಡಗಿನಲ್ಲಿ ಕಳೆದು, ಮಲೇಷ್ಯಾದ ಪೆನಾಂಗ್ ಇಲ್ಲವೇ ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ವಾಪಸ್. ಅಜ್ಜಿ-ತಾತನನ್ನೂ ಕರೆದುಕೊಂಡು ಹೊರಡುವ ನಮ್ಮ ಕಡೆಯ ಕುಟುಂಬಗಳಿಗೆ ಈಗ ಇದು ಚೆನ್ನಾಗಿ ಪರಿಚಯವಾದ ದಾರಿ. ಬ್ರೋಷರ್ ತೆಗೆದರೆ ಪುಟಗಟ್ಟಲೆ ಈಜುಕೊಳ, ನೀರಿನ ಜಾರುಬಂಡೆ, ಕಿಡ್ಸ್ ಕ್ಲಬ್. ಇನ್ನೂ ಡೈಪರ್ ಬಿಡದ ಮಗುವಿಗೆ ಇದರಲ್ಲಿ ಮುಕ್ಕಾಲು ಪಾಲು ಸಿಗುವುದಿಲ್ಲ. ಕೊಳಕ್ಕೆ ಬಿಡುವುದಿಲ್ಲ, ಕ್ಲಬ್ಬಿಗೆ ಮೂರು ವರ್ಷ ತುಂಬಿರಬೇಕು, ಕ್ಯಾಬಿನ್ನಿನಲ್ಲಿ ಗಂಜಿ ಕಾಯಿಸುವಂತಿಲ್ಲ. ಆದರೂ ಈ ವಯಸ್ಸಿನ ಮಗುವಿನ ಜೊತೆ ಮಾಡಬಹುದಾದ ವಿದೇಶ ಪ್ರವಾಸಗಳಲ್ಲಿ ಇದು ಸುಲಭದ್ದೇ. ಪೆಟ್ಟಿಗೆ ಬಿಚ್ಚುವುದು ಒಂದೇ ಸಲ, ಮಲಗುವ ಜಾಗ ಪ್ರತಿ ರಾತ್ರಿ ಅದೇ, ಊಟಕ್ಕೆ ಲಿಫ್ಟ್ ಹತ್ತಿದರೆ ಸಾಕು. ಮಗುವಿನ ನಿದ್ದೆ ಮತ್ತು ಊಟವನ್ನು ಮೊದಲು ಕೂರಿಸಿ, ಮಿಕ್ಕಿದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು ಅಷ್ಟೇ.

ಮೊದಲು ವಯಸ್ಸು ಮತ್ತು ದುಡ್ಡಿನ ವಿಚಾರ. ರಾಯಲ್ ಕ್ಯಾರಿಬಿಯನ್ ಸೇರಿದಂತೆ ದೊಡ್ಡ ಕಂಪನಿಗಳಲ್ಲಿ ಹಡಗು ಹತ್ತುವ ದಿನಕ್ಕೆ ಮಗುವಿಗೆ ಕನಿಷ್ಠ 6 ತಿಂಗಳು ಆಗಿರಬೇಕು. ಸತತ ಮೂರು ದಿನ ಅಥವಾ ಅದಕ್ಕೂ ಹೆಚ್ಚು ಸಮುದ್ರದಲ್ಲೇ ಇರುವ ಯಾನವಾದರೆ 12 ತಿಂಗಳು. ವಿಮಾನದಲ್ಲಿ ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂತು ಕಡಿಮೆ ದುಡ್ಡಿಗೆ ಬರುತ್ತದೆ. ಹಡಗಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಪ್ರತಿ ತಲೆಗೂ ಲೈಫ್‌ಬೋಟಿನಲ್ಲಿ ಜಾಗ ಬೇಕಾದ್ದರಿಂದ ಆರು ತಿಂಗಳ ಕೂಸೂ ಪೂರ್ತಿ ಒಬ್ಬ ಪ್ರಯಾಣಿಕನೇ. ಕ್ಯಾಬಿನ್ನಿನ ಮೂರನೆಯವರ ದರ ಕಡಿಮೆಯಿರಬಹುದು, ಕೆಲವು ಸೀಸನ್ನಿನಲ್ಲಿ ಮಕ್ಕಳಿಗೆ ದರವೇ ಇಲ್ಲ ಎಂಬ ಆಫರೂ ಬರುತ್ತದೆ. ಆದರೆ ಬಂದರು ಶುಲ್ಕ, ತೆರಿಗೆ ಬಿಡುವುದಿಲ್ಲ, ಹಲವು ಕಡೆ ದಿನದ ಲೆಕ್ಕದ ಟಿಪ್ಸೂ ಮಗುವಿನ ಹೆಸರಿಗೆ ಬೀಳುತ್ತದೆ. ಹೀಗಾಗಿ ಆಫರಿನ ಮೊತ್ತ ನೋಡಬೇಡಿ, ದುಡ್ಡು ಕಟ್ಟುವ ಕೊನೆಯ ಪುಟದ ಮೊತ್ತ ನೋಡಿ. ಇನ್ನೊಂದು ಮಾತು: ಪ್ರವಾಸದ ನಡುವೆ ಮಗುವಿಗೆ ಎರಡು ವರ್ಷ ತುಂಬಿದರೆ ವಾಪಸ್ ವಿಮಾನಕ್ಕೆ ಬೇರೆ ಸೀಟು ಕೊಳ್ಳಬೇಕು. ಹುಟ್ಟುಹಬ್ಬವನ್ನು ಹಡಗಿನಲ್ಲಿ ಮಾಡೋಣ ಎಂದುಕೊಳ್ಳುವವರಿಗೆ ಈ ಖರ್ಚು ಕೊನೆಗೆ ಹೊಳೆಯುತ್ತದೆ.

ಕಾಗದಪತ್ರಗಳಲ್ಲಿ ಎಡವುವುದು ಎರಡು ಕಡೆ. ಮಗುವಿಗೆ ಸ್ವಂತ ಪಾಸ್‌ಪೋರ್ಟ್ ಬೇಕು. ಅಪ್ಪ-ಅಮ್ಮ ಇಬ್ಬರೂ ಅನೆಕ್ಸರ್ ಡಿ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ 4.5 x 3.5 ಸೆಂ.ಮೀ. ಫೋಟೋ ತೆಗೆಸಿಕೊಂಡೇ ಸೇವಾ ಕೇಂದ್ರಕ್ಕೆ ಹೋಗಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ದೊಡ್ಡ ಮಗುವಿನದು ಯಾವಾಗ ಮುಗಿಯುತ್ತದೆ ಎಂದು ನೋಡಿಕೊಳ್ಳಿ, ಪ್ರಯಾಣದ ಹೊತ್ತಿಗೆ ಆರು ತಿಂಗಳಾದರೂ ಉಳಿದಿರಬೇಕು. ಎರಡನೆಯದು ಸಿಂಗಾಪುರದ ವೀಸಾ. ಹಡಗು ಮಲೇಷ್ಯಾಕ್ಕೆ ಹೋಗಿ ಮರಳಿದಾಗ ನೀವು ಸಿಂಗಾಪುರಕ್ಕೆ ಎರಡನೇ ಸಲ ಪ್ರವೇಶಿಸುತ್ತೀರಿ. ಮಗುವಿನದೂ ಸೇರಿ ಎಲ್ಲರ ವೀಸಾ ಮೇಲೂ ಮಲ್ಟಿಪಲ್ ಎಂದಿದೆಯೇ ಎಂದು ಬಂದ ದಿನವೇ ಓದಿ. ಸಿಂಗಾಪುರದ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಅರ್ಜಿಯನ್ನು ವಿಮಾನದಲ್ಲಿ ಇಳಿಯುವುದಕ್ಕೆ ಒಮ್ಮೆ, ಹಡಗಿನಿಂದ ಇಳಿಯುವುದಕ್ಕೆ ಇನ್ನೊಮ್ಮೆ ತುಂಬಬೇಕು. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಮಾತ್ರ ತುಂಬಬಹುದು. ಅಂದರೆ ಎರಡನೆಯದನ್ನು ಹಡಗಿನಲ್ಲಿದ್ದಾಗಲೇ ತುಂಬಬೇಕಾಗುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಕು. ಪೆನಾಂಗಿನಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಾಗ ಮುಗಿಸಿಬಿಡಿ.

ಪಾಸ್‌ಪೋರ್ಟಿನ ತಂಟೆಯೇ ಬೇಡ ಎನ್ನುವವರಿಗೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಇದೆ. ಅದು 1990ರಲ್ಲಿ ಕಟ್ಟಿದ್ದು, ಕ್ಯಾಬಿನ್ನುಗಳು ಚಿಕ್ಕವು. ಲಕ್ಷದ್ವೀಪದಲ್ಲಿ ದಡಕ್ಕೆ ಚಿಕ್ಕ ದೋಣಿಯಲ್ಲೇ ಹೋಗಬೇಕು. ಮುಂದೆ ಹೇಳುವ ಬಹುತೇಕ ಮಾತು ಅದಕ್ಕೂ ಹೊಂದುತ್ತದೆ, ಗಡಿಯಾರದ್ದೊಂದು ಬಿಟ್ಟು.

ಮಗುವಿನ ಗಡಿಯಾರ ಮುಟ್ಟಬೇಡಿ

ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಹೋದ ದಿನವೇ ಮಗುವನ್ನು ಅಲ್ಲಿನ ಸಮಯಕ್ಕೆ ಎಳೆಯಲು ಹೋಗುವುದರಿಂದಲೇ ಅರ್ಧ ಪ್ರವಾಸ ಕೆಡುತ್ತದೆ. ಮೂರು–ನಾಲ್ಕು ರಾತ್ರಿಯ ಯಾನಕ್ಕೆ ಅದರ ಅಗತ್ಯವೇ ಇಲ್ಲ. ಊರಿನಲ್ಲಿ ರಾತ್ರಿ 8.30ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುವ ಮಗು ಎಂದಿಟ್ಟುಕೊಳ್ಳಿ. ಹಡಗಿನ ಗಡಿಯಾರದಲ್ಲಿ ಅದು ರಾತ್ರಿ 11ಕ್ಕೆ ಮಲಗಿ 9.30ಕ್ಕೆ ಏಳುತ್ತದೆ. ಮಧ್ಯಾಹ್ನದ 1ರಿಂದ 3ರ ನಿದ್ದೆ 3.30ರಿಂದ 5.30ಕ್ಕೆ ಬೀಳುತ್ತದೆ. ಹಡಗಿನ ದಿನಚರಿಗೆ ಇದರಷ್ಟು ಹೊಂದುವ ವೇಳಾಪಟ್ಟಿ ಇನ್ನೊಂದಿಲ್ಲ. ರಾತ್ರಿ 8ರ ಊಟಕ್ಕೆ ಮಗುವಿನ ಪಾಲಿಗೆ ಸಂಜೆ ಐದೂವರೆ, ಆದ್ದರಿಂದ ಅದು ಗೆಲುವಾಗಿರುತ್ತದೆ. ಊಟ ಮುಗಿಸಿ ಡೆಕ್ಕಿನಲ್ಲಿ ಒಂದು ಸುತ್ತು ಹಾಕಿ ಬಂದು ಮಲಗಿಸಿದರೆ ದೊಡ್ಡವರೂ ಅದೇ ಹೊತ್ತಿಗೆ ಮಲಗುತ್ತಾರೆ. ಐದೂವರೆಯ ಮೊದಲ ಪಂಕ್ತಿ ಮಕ್ಕಳಿರುವವರಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅದು ಅಮೆರಿಕದಿಂದ ಬಂದ ಬುದ್ಧಿಮಾತು. ಬೆಂಗಳೂರಿನಿಂದ ಹೋದ ಮಗು ಆ ಹೊತ್ತಿಗೆ ಆಗಷ್ಟೇ ನಿದ್ದೆಯಿಂದ ಏಳುತ್ತಿರುತ್ತದೆ. ಸಿಂಗಾಪುರದಲ್ಲೇ ನೆಲೆಸಿರುವ ಕನ್ನಡಿಗರಿಗೆ ಈ ಅನುಕೂಲವಿಲ್ಲ, ಅವರಿಗೆ ಮೊದಲ ಪಂಕ್ತಿಯೇ ಸರಿ.

ಇದರಲ್ಲಿ ತೊಡಕು ಬೆಳಿಗ್ಗೆಯದು. ಕೂತು ತಿನ್ನುವ ದೊಡ್ಡ ಊಟದ ಹಾಲಿನ ತಿಂಡಿ ಸಾಮಾನ್ಯವಾಗಿ ಒಂಬತ್ತೂವರೆ ಒಳಗೆ ಮುಗಿಯುತ್ತದೆ, ಬಫೆ ಹತ್ತೂವರೆ–ಹನ್ನೊಂದರವರೆಗೂ ಇರುತ್ತದೆ. ಒಬ್ಬರು ಮೊದಲೇ ಹೋಗಿ ತಿಂದು, ಮಗುವಿಗೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಇಡ್ಲಿ ಇದ್ದರೆ ಇಡ್ಲಿ ತಟ್ಟೆಗೆ ಹಾಕಿಕೊಂಡು ಬರಲಿ. ಅಜ್ಜಿ-ತಾತ ಜೊತೆಗಿದ್ದರೆ ಅವರು ಹೇಗೂ ಆರಕ್ಕೇ ಎದ್ದಿರುತ್ತಾರೆ.

ಕ್ಯಾಬಿನ್

ನಡುಭಾಗ, ಕೆಳಗಿನ ಡೆಕ್. ಹಡಗು ತೂಗುವಾಗ ಮೂತಿ ಮತ್ತು ಬಾಲ ಹೆಚ್ಚು ಏರಿಳಿಯುತ್ತವೆ, ನಡು ಕಡಿಮೆ. ಎಡಬಲ ಹೊಯ್ದಾಟವನ್ನು ಸ್ಟೆಬಿಲೈಸರ್ ರೆಕ್ಕೆಗಳು ತಗ್ಗಿಸುತ್ತವೆ, ಮೂತಿ ಎದ್ದು ಬೀಳುವುದನ್ನು ಅವು ಅಷ್ಟಾಗಿ ತಡೆಯಲಾರವು. ಮಲಾಕಾ ಜಲಸಂಧಿಗೆ ಸುಮಾತ್ರಾ ದ್ವೀಪದ ಮರೆ ಇರುವುದರಿಂದ ಪೆನಾಂಗ್‌ವರೆಗೆ ನೀರು ಸಾಮಾನ್ಯವಾಗಿ ಶಾಂತ. ಫುಕೆಟ್ ಕಡೆ ತಿರುಗಿದರೆ ಅಂಡಮಾನ್ ಸಮುದ್ರ. ಮೇಯಿಂದ ಅಕ್ಟೋಬರ್‌ವರೆಗಿನ ಮುಂಗಾರಿನಲ್ಲಿ ಅಲ್ಲಿ ಅಲೆಗಳ ತೂಗಾಟ ಗೊತ್ತಾಗುತ್ತದೆ. ಬುಕ್ ಮಾಡುವಾಗ ಡೆಕ್ ಪ್ಲಾನ್ ತೆರೆದು ನಿಮ್ಮ ಕ್ಯಾಬಿನ್ನಿನ ಮೇಲೆ, ಕೆಳಗೆ ಏನಿದೆ ನೋಡಿ. ಎರಡೂ ಕಡೆ ಕ್ಯಾಬಿನ್ನುಗಳೇ ಇರಬೇಕು. ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರಿದ್ದರೆ ರಾತ್ರಿ ಡ್ರಮ್ಮಿನ ಸದ್ದು.

ಕಿಟಕಿಯಿಲ್ಲದ ಒಳ ಕ್ಯಾಬಿನ್ ಅಗ್ಗ, ಕತ್ತಲೂ ಚೆನ್ನಾಗಿರುತ್ತದೆ, ಮಗು 9.30ರವರೆಗೆ ಮಲಗಲು ಅನುಕೂಲ. ಆದರೆ ಮಗು ಮಲಗಿದ ಮೇಲೆ ದೊಡ್ಡವರು ಅದೇ ಕತ್ತಲಲ್ಲಿ ಪಿಸುಗುಟ್ಟಿಕೊಂಡು ಕೂರಬೇಕು. ದುಡ್ಡು ಹೊಂದುವುದಾದರೆ ಬಾಲ್ಕನಿಯೇ ಮೇಲು. ಮಧ್ಯಾಹ್ನದ ನಿದ್ದೆಯ ಎರಡು ಗಂಟೆ ಹೊತ್ತು ಮಗು ಒಳಗೆ, ನೀವು ಹೊರಗೆ. ಮೊದಲ ದಿನವೇ ಕ್ಯಾಬಿನ್ ಅಟೆಂಡೆಂಟಿಗೆ ಹೇಳಿ ಬಾಲ್ಕನಿಯ ಮೇಜು ಮತ್ತು ಒಂದು ಕುರ್ಚಿ ತೆಗೆಸಿಬಿಡಿ. ಕಟಕಟೆ ಕನಿಷ್ಠ ಒಂದು ಮೀಟರ್ ಎತ್ತರವಿರುತ್ತದೆ, ಅಪಾಯ ಬರುವುದು ಅದರ ಪಕ್ಕದ ಕುರ್ಚಿಯಿಂದ. ಬಾಲ್ಕನಿಗೆ ಹೋಗುವಾಗ ಮಗು ಎಚ್ಚರವಿದ್ದರೆ ಕೈ ಹಿಡಿದೇ ಇರಬೇಕು, ಇದರಲ್ಲಿ ರಿಯಾಯಿತಿ ಬೇಡ. ಬಾಲ್ಕನಿ ಬಾಗಿಲು ತೆರೆದಿರುವಾಗ ಯಾರಾದರೂ ಕಾರಿಡಾರಿನ ಬಾಗಿಲು ತೆಗೆದರೆ ಗಾಳಿ ನುಗ್ಗಿ ಎರಡರಲ್ಲೊಂದು ರಪ್ಪನೆ ಬಡಿಯುತ್ತದೆ. ಹಡಗಿನ ಬಾಗಿಲು ಭಾರ, ತಾನಾಗಿ ಮುಚ್ಚಿಕೊಳ್ಳುವಂಥದ್ದು. ಪುಟ್ಟ ಬೆರಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಬಚ್ಚಲಿನ ಬಾಗಿಲಿನ ಕೀಲಿನ ಸಂದಿಯಲ್ಲಿ. ಕೈ ಟವೆಲನ್ನು ಬಾಗಿಲಿನ ಮೇಲಂಚಿಗೆ ಜೋತುಹಾಕಿ, ಪೂರ್ತಿ ಮುಚ್ಚದಂತೆ ತಡೆಯುತ್ತದೆ. ಬಚ್ಚಲಿಗೆ ನಾಲ್ಕೈದು ಇಂಚಿನ ಹೊಸ್ತಿಲೂ ಇರುತ್ತದೆ. ಹೊಸದಾಗಿ ನಡೆಯುವ ಮಗು ಮೊದಲ ದಿನ ಅಲ್ಲಿ ಮುಗ್ಗರಿಸುವುದು ಖಂಡಿತ.

ಮಲಗುವ ವ್ಯವಸ್ಥೆ: ಮಡಚುವ ತೊಟ್ಟಿಲನ್ನು ಪುಕ್ಕಟೆ ಕೊಡುತ್ತಾರೆ, ಆದರೆ ಸಂಖ್ಯೆ ಸೀಮಿತ. ಬುಕಿಂಗಿನಲ್ಲೇ ಬರೆಸಿ, ಹೊರಡುವ ಮೊದಲು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಅದನ್ನು ಬಿಚ್ಚಿಟ್ಟರೆ ಸುಮಾರು ಒಂದು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ. ಚಿಕ್ಕ ಕ್ಯಾಬಿನ್ನಿನಲ್ಲಿ ಬಚ್ಚಲಿಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ, ಆದ್ದರಿಂದ ಸೂಟ್‌ಕೇಸುಗಳು ಮಂಚದ ಕೆಳಗೆ ಹೋಗಲೇಬೇಕು. ನಮ್ಮ ಮನೆಗಳಲ್ಲಿ ಮಗು ಪಕ್ಕದಲ್ಲೇ ಮಲಗಿ ರೂಢಿ. ಹಡಗಿನ ಮಂಚ ಎತ್ತರ, ಮೇಲಾಗಿ ಎರಡು ಒಂಟಿ ಮಂಚ ಜೋಡಿಸಿದ್ದಾಗಿದ್ದರೆ ನಡುವೆ ಬಿರುಕು ಇರುತ್ತದೆ. ವರ್ಷ ದಾಟಿದ ಮಗುವಾದರೆ ಅಂಚಿನಲ್ಲಿ ಹಾಸಿನ ಅಡಿಗೆ ಟವೆಲ್ ಸುರುಳಿ ಸುತ್ತಿಡಿ, ನೆಲದ ಮೇಲೆ ಹೆಚ್ಚುವರಿ ರಜಾಯಿ ಹಾಸಿ. ವರ್ಷದೊಳಗಿನದಾದರೆ ತೊಟ್ಟಿಲೇ ಸರಿ.

ಹಡಗಿನ ಗೋಡೆ, ಛಾವಣಿ ಬಹುತೇಕ ಉಕ್ಕಿನ ಹಾಳೆ. ನಾಲ್ಕು ಆಯಸ್ಕಾಂತದ ಕೊಕ್ಕೆ ಮತ್ತು ಒಂದು ಹಳೆಯ ಪಂಚೆ ತೆಗೆದುಕೊಂಡು ಹೋಗಿ. ಛಾವಣಿಗೆ ಕೊಕ್ಕೆ ಅಂಟಿಸಿ ಪಂಚೆಯನ್ನು ತೊಟ್ಟಿಲ ಮುಂದೆ ಇಳಿಬಿಟ್ಟರೆ ಮಗುವಿಗೆ ಕತ್ತಲ ಮೂಲೆ ಸಿದ್ಧ, ಈ ಕಡೆ ಟೇಬಲ್ ದೀಪ ಹಾಕಿಕೊಂಡು ಕೂರಬಹುದು. ಹೊಗೆ ಪತ್ತೆ ಮಾಡುವ ಬಟ್ಟಲು, ಸ್ಪ್ರಿಂಕ್ಲರ್, ದೀಪ ಇವುಗಳ ಹತ್ತಿರ ಬಟ್ಟೆ ಸುಳಿಯಬಾರದು, ತೊಟ್ಟಿಲೊಳಗಿನ ಕೈಗೆ ಪಂಚೆಯ ಅಂಚು ಎಟುಕಬಾರದು. ಸಾಮಾನು ಕಟ್ಟುವಾಗ ಇಸ್ತ್ರಿಪೆಟ್ಟಿಗೆ, ಕೆಟಲ್, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಷನ್ ಬೋರ್ಡ್ ಇವನ್ನೆಲ್ಲ ಮನೆಯಲ್ಲೇ ಬಿಡಿ. ಸ್ಕ್ಯಾನಿಂಗಿನಲ್ಲಿ ಸಿಕ್ಕರೆ ಆ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದೇ ಇಲ್ಲ, ನೀವೇ ಸೆಕ್ಯುರಿಟಿಯವರ ಮುಂದೆ ಹೋಗಿ ಬಿಚ್ಚಿ ತೋರಿಸಬೇಕು. ಡೈಪರ್ ಇರುವುದು ಅದೇ ಪೆಟ್ಟಿಗೆಯಲ್ಲಾದರೆ ಫಜೀತಿ.

ಹತ್ತುವ ದಿನ

ಮರೀನಾ ಬೇ ಕ್ರೂಸ್ ಸೆಂಟರಿಗೆ ಹತ್ತಿರದ ಎಂಆರ್‌ಟಿ (ಮೆಟ್ರೊ ರೈಲು) ನಿಲ್ದಾಣ ಮರೀನಾ ಸೌತ್ ಪಿಯರ್. ಪೆಟ್ಟಿಗೆ, ಮಗು, ಸ್ಟ್ರೋಲರ್ ಎಲ್ಲ ಇದ್ದಾಗ ಟ್ಯಾಕ್ಸಿಯೇ ಲೇಸು. ಸಿಂಗಾಪುರದ ಕಾನೂನಿನಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪಿನಲ್ಲಿ ಬರುವ ಖಾಸಗಿ ಕಾರಿಗೆ ಇಲ್ಲ. ಮಗುವನ್ನು ನೋಡಿ ಚಾಲಕ ಹತ್ತಿಸಿಕೊಳ್ಳದಿದ್ದರೆ ಅದು ಅವನ ದುರಹಂಕಾರವಲ್ಲ. ಅಲ್ಲಿನ ಗ್ರ್ಯಾಬ್ ಎಂಬ ಆ್ಯಪಿನಲ್ಲಿ ಮಕ್ಕಳ ಸೀಟಿರುವ ವಾಹನವನ್ನೇ ಆರಿಸಬಹುದು.

ಹತ್ತುವ ಸಮಯವನ್ನು ಆನ್‌ಲೈನ್ ಚೆಕ್-ಇನ್ ತೆರೆದ ಕೂಡಲೇ ಹಿಡಿಯಿರಿ. ಮಧ್ಯಾಹ್ನ 12.30ರಿಂದ 2ರ ನಡುವೆ ಸಿಕ್ಕರೆ ಮಗುವಿನ ಪಾಲಿಗೆ ಅದು ಹತ್ತು–ಹನ್ನೊಂದೂವರೆ. ಸಾಲಿನಲ್ಲಿ ನಿಂತು, ಊಟ ಮುಗಿಸಿ, ಮೂರೂವರೆಗೆ ಮಲಗಿಸುವ ಹೊತ್ತಿಗೆ ಕ್ಯಾಬಿನ್ ಸಿದ್ಧವಾಗಿರುತ್ತದೆ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಒಪ್ಪಿಸಿದರೆ ಅವು ಸಂಜೆಗೋ, ಕೆಲವೊಮ್ಮೆ ರಾತ್ರಿಗೋ ಬಾಗಿಲಿಗೆ ಬರುತ್ತವೆ. ಆದ್ದರಿಂದ ಕೈಚೀಲದಲ್ಲಿ ಆರು ಡೈಪರ್, ಎರಡು ಜೊತೆ ಬಟ್ಟೆ, ಒಂದು ಹೊತ್ತಿನ ಆಹಾರ, ಔಷಧಿ ಎಲ್ಲ, ಕಾಲುಚೀಲ ಮತ್ತು ತೆಳು ಸ್ವೆಟರ್ ಇರಲಿ. ಹೊರಗೆ ಬೆವರು ಸುರಿಸಿಕೊಂಡು ಬಂದ ಮಗುವಿಗೆ ಹಡಗಿನ ಎ.ಸಿ. ಚಳಿ ತಕ್ಷಣ ತಟ್ಟುತ್ತದೆ.

ಹಡಗು ಹೊರಡುವ ಮೊದಲು ಸುರಕ್ಷತಾ ಡ್ರಿಲ್ ಎಲ್ಲರಿಗೂ ಕಡ್ಡಾಯ. ಮಗುವಿಗೆ ನಿಮ್ಮ ಮಸ್ಟರ್ ಸ್ಟೇಷನ್ನಿನ, ಅಂದರೆ ತುರ್ತು ಹೊತ್ತಿನಲ್ಲಿ ನೀವು ಸೇರಬೇಕಾದ ಜಾಗದ, ಸಂಖ್ಯೆಯಿರುವ ಕೈಪಟ್ಟಿ ಕಟ್ಟುವ ಹಡಗುಗಳಿವೆ. ಅದನ್ನು ಕೊನೆಯ ದಿನದವರೆಗೂ ಬಿಚ್ಚಬೇಡಿ. ಕ್ಯಾಬಿನ್ನಿನ ಕಪಾಟಿನಲ್ಲಿ ಸಾಮಾನ್ಯವಾಗಿ ಇರುವುದು ದೊಡ್ಡವರ ಲೈಫ್ ಜಾಕೆಟ್. ಅಂತರರಾಷ್ಟ್ರೀಯ ನಿಯಮದಲ್ಲಿ 15 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಶಿಶು ಅಳತೆ, 15ರಿಂದ 43 ಕಿಲೋವರೆಗೆ ಮಕ್ಕಳ ಅಳತೆ ಎಂದು ಬೇರೆಬೇರೆ ಇವೆ. ಒಂದು ದಿನ ಮೀರಿದ ಯಾನದಲ್ಲಿ ಹಡಗಿನಲ್ಲಿರುವ ಪ್ರತಿ ಶಿಶುವಿಗೂ ಒಂದು ಇರಲೇಬೇಕು. ಅಟೆಂಡೆಂಟನ್ನು ಕೇಳಿ ತರಿಸಿ, ಒಮ್ಮೆ ತೊಡಿಸಿ ಪಟ್ಟಿ ಸರಿಮಾಡಿಟ್ಟುಕೊಳ್ಳಿ. ಹೊರಡುವಾಗ ಎಲ್ಲರೂ ಮೇಲಿನ ಡೆಕ್ಕಿಗೆ ಓಡುತ್ತಾರೆ. ಅಲ್ಲಿ ಹಾರ್ನ್ ಹೊಡೆದರೆ ಎದೆ ನಡುಗುತ್ತದೆ, ಮಗು ಆಮೇಲೆ ಡೆಕ್ ಎಂದರೇ ಅಳಬಹುದು. ಹಿಂಭಾಗದ ಕೆಳ ಡೆಕ್ಕಿನಿಂದಲೂ ಸಿಂಗಾಪುರ ಅಷ್ಟೇ ಚಂದ ಕಾಣುತ್ತದೆ.

ರಾಗಿ ಸರಿ ಆಗುವುದಿಲ್ಲ

ನಮ್ಮವರು ಹೆಚ್ಚು ಪೇಚಾಡುವುದು ಊಟದ ವಿಷಯದಲ್ಲೇ. ಮನೆಯಲ್ಲಿ ಮಾಡಿದ ಆಹಾರವನ್ನು ಹಡಗಿನೊಳಗೆ ಬಿಡುವುದಿಲ್ಲ, ಕಂಪನಿಯಲ್ಲಿ ಪ್ಯಾಕ್ ಆಗಿ ಬಂದ, ತೆರೆಯದ ಶಿಶು ಆಹಾರಕ್ಕೆ ಅಡ್ಡಿಯಿಲ್ಲ. ಜಿಪ್ ಕವರಿನಲ್ಲಿ ಕಟ್ಟಿದ ಮನೆಯ ರಾಗಿ ಹಿಟ್ಟು ಏನೆಂದು ಸೆಕ್ಯುರಿಟಿಯವನಿಗೆ ವಿವರಿಸುವ ಪಾಡೇ ಬೇಡ. ಅಕಸ್ಮಾತ್ ಒಳಗೆ ಹೋಯಿತು ಎನ್ನಿ, ಅದನ್ನು ಬೇಯಿಸುವುದೆಲ್ಲಿ? ಫ್ಲಾಸ್ಕಿನ ಬಿಸಿನೀರಿಗೆ ಕಲಸಿದರೆ ರಾಗಿ ಗಂಟುಕಟ್ಟುತ್ತದೆ, ಹಸಿ ವಾಸನೆ ಹೋಗುವುದಿಲ್ಲ, ಹೊಟ್ಟೆಗೂ ಒಗ್ಗುವುದಿಲ್ಲ. ಸರಿಗೆ ಒಲೆಯ ಮೇಲೆ ಐದಾರು ನಿಮಿಷದ ಕುದಿ ಬೇಕೇ ಬೇಕು. ಹಾಗಾಗಿ ಮೊದಲೇ ಬೇಯಿಸಿ ಒಣಗಿಸಿದ, ಬಿಸಿನೀರು ಬೆರೆಸಿದರೆ ಸಾಕಾಗುವ ಅಂಗಡಿಯ ಸಿರಿಯಲ್ ಡಬ್ಬ ಒಯ್ಯಿರಿ, ಊರಿನಲ್ಲೇ ಎರಡು ವಾರ ಮೊದಲು ಮಗುವಿಗೆ ರುಚಿ ಹತ್ತಿಸಿ. ತೆಳು ಅವಲಕ್ಕಿಯ ಒಡೆಯದ ಪ್ಯಾಕೆಟ್ ಒಂದಿರಲಿ. ಬಿಸಿ ಹಾಲಿನಲ್ಲಿ ಐದು ನಿಮಿಷ ನೆನೆದರೆ ಮೆತ್ತಗಾಗುತ್ತದೆ, ಬಾಳೆಹಣ್ಣು ಕಿವುಚಿ ಹಾಕಿದರೆ ಒಂದು ಹೊತ್ತು ಕಳೆಯಿತು.

ಮಿಕ್ಕಿದ್ದು ಬಫೆಯಲ್ಲೇ ಸಿಗುತ್ತದೆ. ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ಬಹಳ, ಅನ್ನ-ಬೇಳೆಗೆ ಬರವಿಲ್ಲ. ಆದರೆ ಬೇಳೆಗೆ ಒಗ್ಗರಣೆ, ಖಾರ, ಉಪ್ಪು ದೊಡ್ಡವರ ಅಳತೆಯದು. ಮೊದಲ ರಾತ್ರಿಯ ಊಟಕ್ಕೆ ಕೂತಾಗಲೇ ಹೆಡ್ ವೇಟರನ್ನು ಕರೆದು, ನಾಳೆಯಿಂದ ರಾತ್ರಿ ಮೆತ್ತಗೆ ಬೇಯಿಸಿದ ಅನ್ನ, ಖಾರವಿಲ್ಲದ, ಉಪ್ಪು ಕಡಿಮೆಯಿರುವ ತೊವ್ವೆಯಂಥ ಬೇಳೆ, ಬೇಯಿಸಿದ ಕ್ಯಾರೆಟ್ ಬೇಕು ಎಂದು ಹೇಳಿಬಿಡಿ. ಅಡುಗೆಮನೆಗೆ ಒಂದು ದಿನ ಮುಂಚೆ ಹೇಳಿದರೆ ಮಾಡಿಕೊಡುತ್ತಾರೆ, ಕೂತ ಮೇಲೆ ಕೇಳಿದರೆ ಆಗುವುದು ಕಷ್ಟ. ದಿನವೂ ಅದೇ ಮೇಜು, ಅದೇ ವೇಟರ್ ಬರುವ ಊಟದ ಪದ್ಧತಿ ಆರಿಸಿಕೊಂಡರೆ ಎರಡನೇ ದಿನದಿಂದ ನೀವು ಬಾಯಿ ತೆರೆಯುವುದೇ ಬೇಡ.

ಮೊಸರನ್ನಕ್ಕೆ ಒಂದು ಉಪಾಯ. ಸಿಹಿಯಿಲ್ಲದ ಮೊಸರು ತಿಂಡಿಯ ಹೊತ್ತಿನಲ್ಲಿ ಹಣ್ಣಿನ ಪಕ್ಕ ಇರುತ್ತದೆ, ಮಧ್ಯಾಹ್ನ ಹುಡುಕಿದರೆ ಸಿಗದು. ಬೆಳಿಗ್ಗೆಯೇ ಒಂದೆರಡು ಕಪ್ ತಂದು ಕ್ಯಾಬಿನ್ನಿನ ಫ್ರಿಜ್ಜಿನಲ್ಲಿಡಿ, ಮಧ್ಯಾಹ್ನದೊಳಗೆ ಮುಗಿಸಿ. ಆ ಪುಟ್ಟ ಫ್ರಿಜ್ ಮನೆಯದರಷ್ಟು ತಣ್ಣಗಿರುವುದಿಲ್ಲ, ರಾತ್ರಿಯಿಡೀ ಹಾಲು-ಮೊಸರು ಇಡಲು ಅದನ್ನು ನೆಚ್ಚಬೇಡಿ. ಅನ್ನದಲ್ಲಿ ಬಾಸುಮತಿ ಬಿಟ್ಟು, ಚೀನೀ ಅಡುಗೆಯ ಕಡೆ ಇಟ್ಟಿರುವ ಅಂಟಂಟು ಅನ್ನ ತೆಗೆದುಕೊಳ್ಳಿ. ಎರಡು ಚಮಚ ಬಿಸಿ ಹಾಲು ಹಾಕಿ ಚಮಚದ ಬೆನ್ನಿನಿಂದ ಒತ್ತಿದರೆ ಸೋನಾ ಮಸೂರಿಗಿಂತ ಬೇಗ ನುಣ್ಣಗಾಗುತ್ತದೆ. ಆರಿದ ಮೇಲೆ ಮೊಸರು.

ಫಾರ್ಮುಲಾ ಹಾಲು ಕುಡಿಯುವ ಮಗುವಾದರೆ ಅರ್ಧ ಲೀಟರಿನ ಸ್ಟೀಲ್ ಫ್ಲಾಸ್ಕ್ ಅತಿ ಮುಖ್ಯ. ಪುಡಿಯನ್ನು ಕನಿಷ್ಠ 70 ಡಿಗ್ರಿ ಬಿಸಿಯ ನೀರಿನಲ್ಲಿ ಕಲಸಿ ಆಮೇಲೆ ಆರಿಸಬೇಕು. ಕಾಫಿ ಕೌಂಟರಿನಲ್ಲಿ ಆಗಷ್ಟೇ ಕುದಿದ ನೀರು ಕೇಳಿ ತುಂಬಿಸಿಕೊಳ್ಳಿ, ಊಟದ ಮೇಜಿಗೆ ಬರುವ ಬೆಚ್ಚನೆ ನೀರು ಸಾಲದು. ಬಫೆಯಲ್ಲಿ ದ್ರಾಕ್ಷಿ, ಪಾಪ್‌ಕಾರ್ನ್, ಸಾಸೇಜ್ ಮಗುವಿನ ಕೈಗೆ ಎಟುಕುವಂತೆ ಇಡಬೇಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಿ.

ನೀರು ಮತ್ತು ಬಚ್ಚಲು

ಈಜುವ ಡೈಪರ್ ಹಾಕಿದ್ದರೂ ಕೊಳಕ್ಕೆ ಬಿಡುವುದಿಲ್ಲ, ವಾದ ಮಾಡಿ ಪ್ರಯೋಜನವಿಲ್ಲ. ಈಜುವ ಡೈಪರ್ ಗಟ್ಟಿ ಮಲ ತಡೆದೀತು, ನೀರುಭೇದಿಯನ್ನು ತಡೆಯದು. ಕ್ರಿಪ್ಟೊಸ್ಪೊರಿಡಿಯಂನಂಥ ರೋಗಾಣು ಕ್ಲೋರಿನ್ನಿಗೂ ಜಗ್ಗದೆ ದಿನಗಟ್ಟಲೆ ಉಳಿಯುತ್ತದೆ. ಒಂದು ಸಲ ಮಲ ತೇಲಿದರೆ ಕೊಳ ಮುಚ್ಚಿ ಶುದ್ಧಿ ಮಾಡಬೇಕು. ಡೈಪರ್ ಮಕ್ಕಳಿಗೆಂದೇ ಪ್ರತ್ಯೇಕ ಸೋಸುವ ವ್ಯವಸ್ಥೆಯಿರುವ ಪುಟ್ಟ ಚಿಮ್ಮುಗಾರಂಜಿ ಕೆಲವು ಹಡಗುಗಳಲ್ಲಿ ಮಾತ್ರ ಇದೆ. ಹಡಗು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಹಾಗೆಯೇ ಮೂರು ವರ್ಷದೊಳಗಿನವರನ್ನು ಗಂಟೆಯ ಲೆಕ್ಕಕ್ಕೆ ದುಡ್ಡು ತೆಗೆದುಕೊಂಡು ನೋಡಿಕೊಳ್ಳುವ ನರ್ಸರಿ ಇದೆಯೇ ಎಂಬುದೂ. ಇದ್ದರೆ ಹತ್ತಿದ ದಿನವೇ ಹೋಗಿ ಜಾಗ ಹಿಡಿಯಿರಿ, ಮರುದಿನಕ್ಕೆ ಭರ್ತಿಯಾಗಿರುತ್ತದೆ.

ಸಾಧಾರಣ ಕ್ಯಾಬಿನ್ನಿನಲ್ಲಿ ಬಾತ್‌ಟಬ್ ಇಲ್ಲ, ಬಕೆಟ್ಟೂ ಇಲ್ಲ, ಇರುವುದು ಶವರ್ ಗೂಡು. ಗಾಳಿ ತುಂಬುವ ಪುಟ್ಟ ಟಬ್ಬನ್ನು ಶವರ್ ಗೂಡಿನ ಅಳತೆಗೆ ಹೊಂದುವಂತೆ ಒಯ್ದರೆ ಸ್ನಾನವೂ ಆಯಿತು, ತಪ್ಪಿದ ಈಜುಕೊಳದ ಬದಲು ಆಟವೂ ಆಯಿತು. ಮೂರ್ನಾಲ್ಕು ಇಂಚು ನೀರು ಸಾಕು, ದೊಡ್ಡವರು ಪಕ್ಕದಿಂದ ಕದಲಬಾರದು. ಬಿಸಿನೀರು ಥಟ್ಟನೆ ಸುಡುವಷ್ಟು ಬರುತ್ತದೆ, ಮೊದಲು ನಿಮ್ಮ ಮೊಣಕೈಗೆ ಹಿಡಿದು ನೋಡಿ. ಹೆಲ್ತ್ ಫಾಸೆಟ್ ಸಾಮಾನ್ಯವಾಗಿ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಪೆಟ್ಟಿಗೆಯಲ್ಲಿರಲಿ. ಅಜ್ಜಿ-ತಾತಂದಿರಿಗೂ ಇನ್ನೊಂದು.

ಕಮೋಡಿನದು ಗಾಳಿಯ ಸೆಳೆತದಿಂದ ನಡೆಯುವ ವ್ಯವಸ್ಥೆ. ಒದ್ದೆ ವೈಪ್ ಒಂದನ್ನು ಹಾಕಿದರೂ ಕೊಳವೆ ಕಟ್ಟಿಕೊಂಡು ಅಕ್ಕಪಕ್ಕದ ಕ್ಯಾಬಿನ್ನುಗಳ ಕಮೋಡೂ ನಿಲ್ಲಬಹುದು. ಫ್ಲಶ್ ಮಾಡಿದಾಗ ಬರುವ ‘ಭುಸ್’ ಎಂಬ ಸದ್ದಿಗೆ ಪಾಟಿ ತರಬೇತಿಯಲ್ಲಿರುವ ಮಗು ಹೆದರಿ ಮತ್ತೆ ಡೈಪರ್ ಕೇಳುವುದುಂಟು. ಮುಚ್ಚಳ ಹಾಕಿ, ಮಗು ಹೊರಗೆ ಹೋದ ಮೇಲೆ ಗುಂಡಿ ಒತ್ತಿ. ಡೈಪರ್ ಲೆಕ್ಕ: ದಿನಕ್ಕೆ ಆರರಂತೆ ಎಣಿಸಿ, ಅದರ ಅರ್ಧದಷ್ಟು ಮತ್ತೆ ಸೇರಿಸಿ. ಹಡಗಿನ ಅಂಗಡಿಯಲ್ಲಿ ನಿಮ್ಮ ಅಳತೆ ಇಲ್ಲದಿರಬಹುದು, ಇದ್ದರೂ ಬೆಲೆ ಕೇಳಿದರೆ ಬೇಸರವಾಗುತ್ತದೆ.

ಔಷಧಿ ಚೀಲ

ಎರಡು ವರ್ಷದೊಳಗಿನ ಮಕ್ಕಳಿಗೆ ಸಮುದ್ರದ ವಾಂತಿ ಬಹಳ ಅಪರೂಪ, ತಲೆಸುತ್ತು ಬರುವುದು ಹೆಚ್ಚಾಗಿ ಅಪ್ಪ-ಅಮ್ಮನಿಗೇ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ರಯಾಣದಲ್ಲಿ ವಾಂತಿಯಾಗದಿರಲಿ, ಮಗು ಮಲಗಿರಲಿ ಎಂದು ಪ್ರೊಮೆಥಝೀನ್ ಸಿರಪ್ ಕುಡಿಸುವ ರೂಢಿ ನಮ್ಮಲ್ಲಿದೆ, ಫೆನರ್ಗನ್ ಎಂದರೆ ಎಲ್ಲರಿಗೂ ಗೊತ್ತು. ಎರಡು ವರ್ಷದೊಳಗಿನ ಮಗುವಿಗೆ ಅದನ್ನು ಕೊಡಲೇಬಾರದು. ಉಸಿರಾಟ ಕುಗ್ಗಿ ಪ್ರಾಣಾಪಾಯವಾಗಬಹುದು.

ಜ್ವರಕ್ಕೆ ಪ್ಯಾರಾಸಿಟಮಾಲ್ ನಮ್ಮ ಅಂಗಡಿಗಳಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ., 5 ಮಿ.ಲೀ.ಗೆ 250 ಮಿ.ಗ್ರಾಂ. ಮತ್ತು 1 ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಹನಿ, ಹೀಗೆ ಮೂರು ಬಗೆಯಲ್ಲಿ ಸಿಗುತ್ತದೆ. ಹನಿಯ ಬಾಟಲಿಯನ್ನು 120ರ ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಪ್ರಮಾಣ ನಾಲ್ಕು ಪಟ್ಟಿಗೂ ಮೀರುತ್ತದೆ. ಮನೆಯಲ್ಲಿ ಬಳಸುವ ಬಾಟಲಿಯನ್ನೇ ಒಯ್ಯಿರಿ, ಈಗಿನ ತೂಕಕ್ಕೆ ಎಷ್ಟು ಮಿ.ಲೀ. ಎಂದು ಮಕ್ಕಳ ಡಾಕ್ಟರರಿಂದ ಬರೆಸಿ ಬಾಟಲಿಗೇ ಅಂಟಿಸಿ. ಓಆರ್‌ಎಸ್ ಪುಡಿಯ ಪೊಟ್ಟಣ ನಾಲ್ಕಾರು ಇರಲಿ, ಅದೂ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು, ಕಣ್ಣಂದಾಜು ಬೇಡ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಚಮಚ ಚಮಚವಾಗಿ.

ಹಡಗಿನಲ್ಲಿ ಹರಡುವ, ವಾಂತಿ-ಭೇದಿ ತರುವ ನೋರೊವೈರಸ್ಸಿಗೆ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ. ಬಫೆಯ ಬಾಗಿಲಲ್ಲಿ ಕೈಗೆ ಹಾಕುವ ದ್ರವದಿಂದ ಕೆಲಸ ಆಯಿತು ಎಂದುಕೊಳ್ಳದೆ, ಮಗುವಿನ ಕೈಯನ್ನು ಸೋಪು ಹಾಕಿ 20 ಸೆಕೆಂಡ್ ತೊಳೆಯಿರಿ. ಲಿಫ್ಟಿನ ಗುಂಡಿ, ಮೆಟ್ಟಿಲ ಕಂಬಿ ಎಲ್ಲವನ್ನೂ ನೆಕ್ಕುವ ವಯಸ್ಸು ಅದು. ಹಡಗಿನ ಆಸ್ಪತ್ರೆ ಪುಕ್ಕಟೆಯಲ್ಲ, ಬಿಲ್ಲು ಸಾಮಾನ್ಯವಾಗಿ ಡಾಲರಿನಲ್ಲಿ, ನೇರ ಕ್ಯಾಬಿನ್ ಖಾತೆಗೆ. ಪ್ರಯಾಣ ವಿಮೆ ಕೊಳ್ಳುವಾಗ ಪಾಲಿಸಿಯಲ್ಲಿ ಕ್ರೂಸ್ ಎಂಬ ಪದ ಇದೆಯೇ ನೋಡಿ.

ದಡಕ್ಕೆ ಇಳಿಯುವುದು

ಎಲ್ಲ ಬಂದರಿನಲ್ಲೂ ಇಳಿಯಬೇಕೆಂದಿಲ್ಲ. ಮಲೇಷ್ಯಾದ ಪೋರ್ಟ್ ಕ್ಲಾಂಗ್ ಬಂದರಿನಿಂದ ಕೌಲಾಲಂಪುರಕ್ಕೆ ಒಂದೊಂದು ಕಡೆಗೇ ಗಂಟೆಗೂ ಮೇಲೆ ರಸ್ತೆ. ಅವಳಿ ಗೋಪುರದ ಮುಂದೆ ಒಂದು ಫೋಟೋಗಾಗಿ ಮಗುವಿನ ನಿದ್ದೆ, ಊಟ ಎರಡೂ ಹಾಳು. ಆವತ್ತು ಹಡಗಿನಲ್ಲೇ ಉಳಿಯಿರಿ. ಲಿಫ್ಟ್ ಖಾಲಿ, ಬಫೆ ಖಾಲಿ, ಆಟದ ಜಾಗ ಪೂರ್ತಿ ನಿಮ್ಮದು.

ಫುಕೆಟ್ಟಿನ ಪಟಾಂಗ್ ಬಳಿ ದೊಡ್ಡ ಹಡಗು ಲಂಗರು ಹಾಕಿ ನಿಂತರೆ ಟೆಂಡರ್ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಸ್ಟ್ರೋಲರ್ ಮಡಚಿ ಕೈಯಲ್ಲಿ ಹಿಡಿಯಬೇಕು, ದೋಣಿ ಏರಿಳಿಯುತ್ತಿರುವಾಗ ಕಾಲಿಡಬೇಕು. ಮಗು ಎದೆಯ ಮೇಲಿನ ಕ್ಯಾರಿಯರಿನಲ್ಲಿದ್ದು ನಿಮ್ಮ ಎರಡೂ ಕೈ ಬಿಡುವಾಗಿದ್ದರೆ ಮಾತ್ರ ಹೋಗಿ. ಥಾಯ್ಲೆಂಡ್ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ದಡದಲ್ಲಿ ಫೋನ್ ತಾನಾಗಿ ಅಲ್ಲಿನ ಸಮಯಕ್ಕೆ ತಿರುಗುತ್ತದೆ, ಹಡಗು ಸಿಂಗಾಪುರದ ಸಮಯದಲ್ಲೇ ಇರಬಹುದು. ನಾಲ್ಕಾಯಿತು ಎಂದು ನೀವು ಐಸ್‌ಕ್ರೀಂ ತಿನ್ನುತ್ತಿರುವಾಗ ಹಡಗಿನಲ್ಲಿ ಐದಾಗಿರುತ್ತದೆ. ಹಡಗಿನವರು ಕೊಡುವ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಬರೆದಿರುವ ಹಡಗಿನ ಸಮಯ ನೋಡಿ, ಸಾಧಾರಣ ಕೈಗಡಿಯಾರ ಕಟ್ಟಿಕೊಂಡು ಇಳಿಯಿರಿ.

ಮಗುವಿನ ಜೊತೆ ಹೇಳಿ ಮಾಡಿಸಿದ ಬಂದರು ಎಂದರೆ ಪೆನಾಂಗ್. ಸ್ವೆಟ್ಟೆನ್‌ಹ್ಯಾಮ್ ಪಿಯರಿನಲ್ಲಿ ಹಡಗು ಊರಿಗೇ ತಾಗಿ ನಿಲ್ಲುತ್ತದೆ. ಗೇಟು ದಾಟಿದರೆ ವಿಕ್ಟೋರಿಯಾ ರಾಣಿಯ ಗಡಿಯಾರ ಗೋಪುರ, ಅಲ್ಲಿಂದ ನಡೆದೇ ಹೋಗುವ ದೂರದಲ್ಲಿ ಲಿಟ್ಲ್ ಇಂಡಿಯಾ. ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ್ ಗುಡಿ, ಸುತ್ತಮುತ್ತ ತಮಿಳರ ಹೋಟೆಲುಗಳು. ಮೂರು ದಿನ ಬ್ರೆಡ್ಡು-ಸೂಪು ನೋಡಿ ಮುಖ ತಿರುಗಿಸಿದ ಮಗು ಇಲ್ಲಿ ಬಿಸಿ ಇಡ್ಲಿ ತಿನ್ನುತ್ತದೆ. ಸ್ಟ್ರೋಲರ್ ಮಾತ್ರ ಹಡಗಿನಲ್ಲೇ ಬಿಟ್ಟು ಬನ್ನಿ. ಜಾರ್ಜ್‌ಟೌನಿನ ಅಂಗಡಿಗಳ ಮುಂದೆ ಮಾಡಿನ ಕೆಳಗೆ ಹಾದುಹೋಗುವ ಐದಡಿ ಜಗಲಿಯೇ ಅಲ್ಲಿನ ಕಾಲುದಾರಿ. ಒಂದೊಂದು ಅಂಗಡಿಯ ಜಗಲಿ ಒಂದೊಂದು ಎತ್ತರ, ನಡುವೆ ಮೆಟ್ಟಿಲು, ಮೋಟಾರ್ ಸೈಕಲ್ಲು, ಹೂವಿನ ಬುಟ್ಟಿ. ಚಕ್ರ ತಳ್ಳಲು ರಸ್ತೆಗೇ ಇಳಿಯಬೇಕಾಗುತ್ತದೆ. ಬಿಸಿಲಿಗೆ ಒಂದೂವರೆ ಗಂಟೆಗಿಂತ ಹೆಚ್ಚು ಬೇಡ. ಸ್ಟ್ರೋಲರನ್ನು ಹಡಗಿನೊಳಗೆ ಬಳಸುವುದಾದರೂ ಅಗಲ 20 ಇಂಚು ಮೀರದಿರಲಿ, ಕ್ಯಾಬಿನ್ ಬಾಗಿಲು ಕಿರಿದು. ಕಾರಿಡಾರಿನಲ್ಲಿ ನಿಲ್ಲಿಸಲು ಬಿಡುವುದಿಲ್ಲ, ಅದು ತುರ್ತು ದಾರಿ.

ಕೊನೆಯ ರಾತ್ರಿ

ಪೆಟ್ಟಿಗೆಗಳನ್ನು ರಾತ್ರಿ ಹನ್ನೊಂದರೊಳಗೆ ಬಾಗಿಲ ಹೊರಗಿಡಲು ಹೇಳುತ್ತಾರೆ. ಮರುದಿನದ ಬಟ್ಟೆ, ಚಪ್ಪಲಿ, ಡೈಪರ್, ಔಷಧಿ, ಪಾಸ್‌ಪೋರ್ಟ್ ಒಳಗೇ ಉಳಿಸಿಕೊಳ್ಳಿ. ಬರಿಗಾಲಲ್ಲಿ ಇಳಿಯುವ ಮಕ್ಕಳು ಪ್ರತಿ ಯಾನದಲ್ಲೂ ಸಿಗುತ್ತಾರೆ, ಚಪ್ಪಲಿ ಪೆಟ್ಟಿಗೆಯೊಳಗೆ ಹೋಗಿರುತ್ತದೆ. ಊರಿನ ಗಡಿಯಾರ ಹಿಡಿದುಕೊಂಡದ್ದಕ್ಕೆ ದಂಡ ಕಟ್ಟಬೇಕಾದ ಬೆಳಗು ಇದೊಂದೇ. ಏಳಕ್ಕೆ ಎಬ್ಬಿಸಿದರೆ ಮಗುವಿಗೆ ನಸುಕಿನ ನಾಲ್ಕೂವರೆ. ಇಳಿಯುವ ಗುಂಪುಗಳಲ್ಲಿ ಕೊನೆಯದನ್ನೇ ಕೇಳಿ ಪಡೆಯಿರಿ. ಮಗುವನ್ನು ಮಲಗಿದ ಬಟ್ಟೆಯಲ್ಲೇ ಕ್ಯಾರಿಯರಿಗೆ ಹಾಕಿಕೊಂಡು ಇಳಿದುಬಿಡಿ, ಡೈಪರ್ ಬದಲಿಸುವುದು ಟರ್ಮಿನಲ್ಲಿನಲ್ಲಾದರೂ ಆಗುತ್ತದೆ. ಟ್ಯಾಕ್ಸಿ ಸಾಲು ಉದ್ದ, ಇಮಿಗ್ರೇಷನ್ನಿಗೂ ಹೊತ್ತು ಬೇಕು, ಆದ್ದರಿಂದ ವಾಪಸ್ ವಿಮಾನ ಮಧ್ಯಾಹ್ನ ಎರಡಕ್ಕಿಂತ ಮೊದಲು ಬೇಡ. ಹಡಗಿನ ಡಾಕ್ಟರನ್ನು ಕಂಡಿದ್ದರೆ ಇಳಿಯುವ ಮುಂಚೆಯೇ ಬಿಲ್ಲು ಮತ್ತು ಡಾಕ್ಟರು ಬರೆದ ವರದಿ ಎರಡರ ಪ್ರತಿಯನ್ನೂ ಆಸ್ಪತ್ರೆಯಿಂದ ಇಸಿದುಕೊಳ್ಳಿ. ವಿಮೆಯವರು ಕೇಳುವುದು ಎರಡನ್ನೂ, ಕ್ಯಾಬಿನ್ ಖಾತೆಯ ಒಟ್ಟು ಬಿಲ್ಲಿನಲ್ಲಿ ಇರುವುದು ಬರೀ ಮೊತ್ತ.